ಕಳಿಸಿದ ಸರಕು, ನಿಂತ ಸರಕು

ಲಾಭವಿಲ್ಲದೆ ಶೆಟ್ಟಿ ಹೊಳೆಗೆ ಬಿದ್ದಾನೆಯೇ ಎಂದು ಜನ ನಮ್ಮನ್ನು ಕುರಿತು ಆಡುವ ಮಾತುಂಟು. ಹಾಸ್ಯಕ್ಕೆ ಆಡಿದರೂ ಆ ಮಾತಿನಲ್ಲಿ ನಮ್ಮ ಹಿರಿಯರ ಲೆಕ್ಕದ ಬುದ್ಧಿಗೆ ಸಂದ ಗೌರವವೂ ಇದೆ. ಆದರೆ ಈಚಿನ ವರ್ಷಗಳಲ್ಲಿ ಲಾಭವಿಲ್ಲದೆ ಹೊಳೆಗೆ ಬೀಳುವ ಶೆಟ್ಟರನ್ನೂ ನಾವು ನೋಡುತ್ತಿದ್ದೇವೆ. ರಾಯದುರ್ಗದ ಬಟ್ಟೆ ಅಂಗಡಿಯಾಗಲಿ, ಮಡಕಶಿರಾದ ಕಿರಾಣಿ ಅಂಗಡಿಯಾಗಲಿ, ಮನೆಯ ಹುಡುಗ ಮೊಬೈಲಿನಲ್ಲಿ ಆನ್‌ಲೈನ್ ವ್ಯಾಪಾರ ಶುರು ಮಾಡುತ್ತಾನೆ. ದಿನಕ್ಕೆ 10 ಪಾರ್ಸೆಲ್ ಹೋಗುತ್ತವೆ, ಹಬ್ಬ ಬಂದರೆ 50. ಮನೆಮಂದಿಯೆಲ್ಲ ಕುಳಿತು ಟೇಪು ಅಂಟಿಸುತ್ತಾರೆ. ದೀಪಾವಳಿಗೆ ಹೊಸ ಲೆಕ್ಕ ಬರೆಯುವಾಗ ತಂದೆ ಕೇಳುತ್ತಾರೆ: "15 ಲಕ್ಷದ ವ್ಯಾಪಾರ ಅಂತೀಯಲ್ಲಪ್ಪ, ದುಡ್ಡೆಲ್ಲಿ?" ಮಗನ ಉತ್ತರ: "ಸರಕಿನಲ್ಲಿದೆ ಅಪ್ಪಾಜಿ." ಸರಕು ಎಲ್ಲಿದೆ ಎಂದು ನೋಡಿದರೆ ಅರ್ಧ ಗೋದಾಮಿನಲ್ಲಿ ವಾಪಸು ಬಂದು ಬಿದ್ದಿರುತ್ತದೆ, ಅರ್ಧ ದಾರಿಯಲ್ಲಿರುತ್ತದೆ.

ಹುಡುಗ ಸುಳ್ಳು ಹೇಳುತ್ತಿಲ್ಲ, ತಂದೆಯೂ ತಪ್ಪು ಕೇಳುತ್ತಿಲ್ಲ. ಇಬ್ಬರೂ ಎರಡು ಬೇರೆ ಲೆಕ್ಕಗಳನ್ನು ಹಿಡಿದುಕೊಂಡಿದ್ದಾರೆ. ಅಂಗಡಿಯ ಲೆಕ್ಕದಲ್ಲಿ ಗಿರಾಕಿ ಹಣ ಕೊಟ್ಟು ಮೆಟ್ಟಿಲಿಳಿದನೆಂದರೆ ವ್ಯಾಪಾರ ಮುಗಿಯಿತು. ಮೊಬೈಲಿನ ವ್ಯಾಪಾರದಲ್ಲಿ ಹಾಗಲ್ಲ. ಪಾರ್ಸೆಲ್ ಅವನ ಮನೆ ಸೇರಿ, ವಾಪಸು ಕೊಡುವ ಗಡುವು ಕಳೆದು, ಸರಕು ಅಲ್ಲೇ ನಿಂತಾಗ ಮಾತ್ರ ಅದು ವ್ಯಾಪಾರ. ಅಲ್ಲಿಯವರೆಗೆ ಅದು ಸರಕನ್ನು ತೋರಿಸಲು ಕಳಿಸಿದಂತೆ ಅಷ್ಟೆ. ಕಳಿಸಿದ ಸರಕಿನ ಮೇಲೆ ಲಾಭ ಎಣಿಸಬಾರದು, ನಿಂತ ಸರಕಿನ ಮೇಲೆ ಎಣಿಸಬೇಕು. ಈ ತಿಂಗಳು ಹೇಳಬೇಕೆಂದಿರುವುದು ಇದೊಂದೇ ವಿಷಯವನ್ನು.

ಮೊದಲಿಗೆ ಈ ದೊಡ್ಡ ಜಾಲಪೇಟೆಗಳು ಏನೆಂಬುದನ್ನು ನಮ್ಮ ಮಾತಿನಲ್ಲಿ ತಿಳಿಯೋಣ. ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುವ ಅಂಗಡಿಯಾಗಿ ಆರಂಭವಾಯಿತು. ಅದರ ಮೊದಲ ಗಿರಾಕಿ ಬೆಂಗಳೂರಿನವನಲ್ಲ, ಮುಂಬಯಿಯವನೂ ಅಲ್ಲ, ಆಗ ಆಂಧ್ರದಲ್ಲಿದ್ದ ಮಹಬೂಬ್‌ನಗರದವನು. ನಮ್ಮಂಥ ಊರಿನವರಿಗೆ ಇದು ನೆನಪಿನಲ್ಲಿರಬೇಕಾದ ಸಂಗತಿ. ಪೇಟೆಯಲ್ಲಿ ಸಿಗದ ವಸ್ತುವನ್ನು ಹುಡುಕುವವನು ಸಣ್ಣ ಊರಿನಲ್ಲೇ ಹೆಚ್ಚು. ಅಮೆಜಾನ್ ನಮ್ಮ ದೇಶದಲ್ಲಿ ಅಂಗಡಿ ತೆರೆದದ್ದು 2013ರಲ್ಲಿ, ಮೀಶೋ ಹುಟ್ಟಿದ್ದು 2015ರಲ್ಲಿ. ಈ ಮೂರನ್ನೂ ಕಮಿಷನ್ ಮಂಡಿ ಎಂದುಕೊಂಡರೆ ಗೊಂದಲ ಹೋಗುತ್ತದೆ. ಮಂಡಿಗೆ ಹುಣಸೆಹಣ್ಣು ಹಾಕಿದ ರೈತನಿಗೆ ದಲ್ಲಾಳಿ ಏನು ಮಾಡುತ್ತಾನೆ? ಮಾರಿಸಿ, ಹಮಾಲಿ, ತೂಕದ ಕೂಲಿ, ಕಮಿಷನ್ ಮುರಿದುಕೊಂಡು ಪಟ್ಟಿ ಕೊಡುತ್ತಾನೆ. ಜಾಲಪೇಟೆಯೂ ಅದನ್ನೇ ಮಾಡುತ್ತದೆ. ಕಮಿಷನ್ ಇಲ್ಲವೆಂದು ಹೇಳಿಕೊಳ್ಳುವ ಪೇಟೆಯಲ್ಲೂ ಸಾಗಣೆ, ಜಾಹೀರಾತು, ವಾಪಸಾತಿ ಎಂಬ ಬೇರೆ ಹೆಸರಿನಲ್ಲಿ ಮುರಿತ ಇದ್ದೇ ಇರುತ್ತದೆ. ಮಂಡಿಯ ಪಟ್ಟಿಯನ್ನು ನಮ್ಮ ಹಿರಿಯರು ಎರಡು ಸಲ ಓದುತ್ತಿದ್ದರು. ಜಾಲಪೇಟೆಯವರು ಕಳಿಸುವ ಪಟ್ಟಿಯನ್ನು ತೆರೆದೂ ನೋಡದ ಹುಡುಗರು ಎಷ್ಟೋ ಮಂದಿ.

ಈಗ ಲೆಕ್ಕಕ್ಕೆ ಬರೋಣ. ಇವು ಉದಾಹರಣೆಗೆ ಹಿಡಿದ ಅಂಕಿಗಳು, ನಿಮ್ಮ ಅಂಕಿ ಹಾಕಿ ತಿದ್ದಿಕೊಳ್ಳಿ.

ರಾಯದುರ್ಗದಲ್ಲಿ ಹೊಲಿಸಿದ ಒಂದು ಜೀನ್ಸ್ ಪ್ಯಾಂಟು. ಬಟ್ಟೆ, ಹೊಲಿಗೆ, ವಾಷಿಂಗ್, ಜಿಪ್ಪು, ಗುಂಡಿ ಎಲ್ಲ ಸೇರಿ ಅಸಲು 370 ರೂಪಾಯಿ ಎನ್ನಿ. ಜಾಲಪೇಟೆಯಲ್ಲಿ ಮಾರುವ ಬೆಲೆ 630. ಸಿದ್ಧ ಉಡುಪಿಗೆ 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿಯವರೆಗೆ ಜಿಎಸ್‌ಟಿ ಶೇಕಡಾ 5 ಆಗಿದೆ. ಹೀಗಾಗಿ 30 ರೂಪಾಯಿ ತೆರಿಗೆಯದು, 600 ನಮ್ಮದು. ಅದರಲ್ಲಿ ಪೇಟೆಯವರ ಮುರಿತ ಮತ್ತು ಸಾಗಣೆ 140, ಪ್ಯಾಕಿಂಗಿಗೆ 10. ಅಸಲು ಕಳೆದು ಉಳಿಯುವುದು 80. ಹುಡುಗ ಎಣಿಸುವುದು ಇಷ್ಟೇ: 100 ಪ್ಯಾಂಟು ಕಳಿಸಿದೆ, 8,000 ರೂಪಾಯಿ ಬಂತು.

ಆದರೆ 100ರಲ್ಲಿ 20 ವಾಪಸು ಬಂದವೆನ್ನಿ. ನಿಂತದ್ದು 80, ಅವುಗಳ ಲಾಭ 6,400. ವಾಪಸು ಬಂದ ಒಂದೊಂದಕ್ಕೂ ಹೋಗಿಬರುವ ಖರ್ಚು 150, ಹಾಳಾದ ಪ್ಯಾಕಿಂಗು 10, ಒಟ್ಟು 160ರಂತೆ 3,200 ಹೋಯಿತು. ಆ 20ರಲ್ಲಿ 5 ಪ್ಯಾಂಟುಗಳಿಗೆ ಕಲೆಯಾಗಿದೆ, ಇಲ್ಲವೆ ಯಾರೋ ನಾಲ್ಕು ದಿನ ಉಟ್ಟು ಮಡಿಚಿಟ್ಟಿದ್ದಾರೆ. ಅವನ್ನು ಅರ್ಧ ಅಸಲಿಗೆ ಕೊಡಬೇಕು. ಒಂದಕ್ಕೆ 185ರಂತೆ ನಷ್ಟ 925. ಇಷ್ಟು ಕಳೆದರೆ ಕೈಯಲ್ಲಿ ಉಳಿದದ್ದು 2,275 ರೂಪಾಯಿ. 8,000 ಎಲ್ಲಿ, 2,275 ಎಲ್ಲಿ!

ಇದೇ ಲೆಕ್ಕವನ್ನು 30 ವಾಪಸಿಗೆ ಹಾಕಿ ನೋಡಿ. ನಿಂತ 70ರ ಲಾಭ 5,600. ವಾಪಸಿನ ಖರ್ಚು 4,800. ಹಾಳಾದ 7ರ ನಷ್ಟ 1,295. ಕೂಡಿ ಕಳೆದರೆ 495 ರೂಪಾಯಿ ನಾವೇ ಕೈಯಿಂದ ಕೊಟ್ಟಂತಾಯಿತು. 100 ಪಾರ್ಸೆಲ್ ಕಟ್ಟಿದ ಮನೆಯವರ ಕೂಲಿಯನ್ನು ಇನ್ನೂ ಹಿಡಿದಿಲ್ಲ, ತಿಂಗಳುಗಟ್ಟಲೆ ಸಿಕ್ಕಿಬಿದ್ದ ಬಂಡವಾಳದ ಬಡ್ಡಿಯನ್ನೂ ಹಿಡಿದಿಲ್ಲ. ಇಂಥ ವ್ಯಾಪಾರದಲ್ಲಿ ಆರ್ಡರು ಹೆಚ್ಚಿದಷ್ಟೂ ನಷ್ಟ ಹೆಚ್ಚುತ್ತದೆ. ಆಗ ಹುಡುಗ ಏನು ಮಾಡುತ್ತಾನೆ? ಬೆಲೆ ಇನ್ನೂ 20 ರೂಪಾಯಿ ಇಳಿಸಿ ಹೆಚ್ಚು ಮಾರಲು ನೋಡುತ್ತಾನೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಸಣ್ಣ ವ್ಯಾಪಾರಿಗಳಿಗೆ ಬೆಲೆ ಇಳಿಸುವ ಪೈಪೋಟಿಯಷ್ಟು ಕೆಟ್ಟ ಚಟ ಬೇರೊಂದಿಲ್ಲ. ಬೆಲೆ ಇಳಿಸುವುದರಲ್ಲಿ ಸೂರತ್ತು, ದಿಲ್ಲಿಯ ದೊಡ್ಡವರನ್ನು ರಾಯದುರ್ಗ ಗೆಲ್ಲಲಾರದು. ವಾಪಸು ಕಡಿಮೆ ಮಾಡುವುದರಲ್ಲಿ ಗೆಲ್ಲಬಹುದು. ಮೇಲಿನ ಲೆಕ್ಕದಲ್ಲೇ 20 ವಾಪಸು 10ಕ್ಕೆ ಇಳಿದರೆ, ಹಾಳಾಗುವುದು 2 ಎಂದು ಹಿಡಿದರೂ, ಉಳಿಯುವುದು 5,230. ಒಂದು ರೂಪಾಯಿ ಬೆಲೆ ಏರಿಸದೆ ಲಾಭ ಎರಡು ಪಟ್ಟು ದಾಟಿತು.

ವಾಪಸು ಏಕೆ ಬರುತ್ತದೆ? ಪ್ಯಾಂಟಿನ ವಿಷಯದಲ್ಲಿ ಹೆಚ್ಚಾಗಿ ಅಳತೆಯಿಂದ. ಚೀಟಿಯಲ್ಲಿ 34 ಎಂದಿರುತ್ತದೆ, ಟೇಪು ಹಿಡಿದರೆ 33 ಬರುತ್ತದೆ. ವಾಷಿಂಗಿಗೆ ಹೋಗುವ ಮೊದಲು ತೆಗೆದ ಅಳತೆ ವಾಷಿಂಗಾದ ಮೇಲೆ ನಿಲ್ಲುವುದಿಲ್ಲ. ಆದ್ದರಿಂದ ವಾಷಿಂಗ್ ಆಗಿ ಬಂದ ಸರಕಿನಲ್ಲೇ ಪ್ರತಿ ಸೈಜಿನ ಮೂರು ಪ್ಯಾಂಟು ತೆಗೆದು ನಡು, ಪೃಷ್ಠ, ತೊಡೆ, ಉದ್ದ, ಕಾಲ ಕೆಳಗಿನ ಅಗಲ ಐದನ್ನೂ ಅಳೆದು, ಇಂಚು ಮತ್ತು ಸೆಂಟಿಮೀಟರು ಎರಡರಲ್ಲೂ ಬರೆಯಬೇಕು. ಬಟ್ಟೆ ಎಳೆದರೆ ಹಿಗ್ಗುವಂಥದೋ ಅಲ್ಲವೋ ಹೇಳಬೇಕು. ಬಣ್ಣ ಬಿಡುವಂಥದಾದರೆ ಅದನ್ನೂ ಹೇಳಬೇಕು. ಹೇಳಿದರೆ ಗಿರಾಕಿ ಓಡಿಹೋಗುತ್ತಾನೆಂಬ ಭಯ ಬೇಡ. ಓಡಿಹೋಗುವವನು ಪಾರ್ಸೆಲ್ ಕಟ್ಟುವ ಮೊದಲೇ ಹೋಗಲಿ. ಫೋಟೋವನ್ನು ಟ್ಯೂಬ್‌ಲೈಟಿನ ಕೆಳಗೆ ತೆಗೆಯಬೇಡಿ, ನೀಲಿ ಬೇರೆಯೇ ಕಾಣುತ್ತದೆ. ಬೆಳಗಿನ ಹೊತ್ತು ಜಗಲಿಯ ನೆರಳಿನಲ್ಲಿ ತೆಗೆದರೆ ಸಾಕು. ಬೇರೆಯವರ ಚಂದದ ಫೋಟೋ ಕದ್ದು ಹಾಕುವ ಚಾಳಿಯಂತೂ ಬೇಡವೇ ಬೇಡ. ವಸ್ತು ವಿವರಣೆಯಂತೆ ಇಲ್ಲದಿದ್ದರೆ ಮಾರಿದವನು ವಾಪಸು ತೆಗೆದುಕೊಳ್ಳಲೇಬೇಕೆಂದು ಕೇಂದ್ರ ಸರಕಾರದ 2020ರ ಇ-ವಾಣಿಜ್ಯ ನಿಯಮಗಳೇ ಹೇಳುತ್ತವೆ.

ಬರೆದು ಹೇಳುವುದು ನಮಗೆ ಹೊಸದೇನಲ್ಲ. ನಮ್ಮ ಎರಡು ಊರುಗಳಲ್ಲೂ ವ್ಯಾಪಾರಿಗಳು ಕಲ್ಲಿನ ಮೇಲೆ ಬರೆಸಿ ಹೋಗಿದ್ದಾರೆ. ರಾಯದುರ್ಗದಲ್ಲಿ ಭೋಗರಾಜ ಎಂಬ ವ್ಯಾಪಾರಿ 1355ರಲ್ಲಿ ಶಾಂತಿನಾಥ ಸ್ವಾಮಿಯ ಬಿಂಬವನ್ನು ಪ್ರತಿಷ್ಠೆ ಮಾಡಿಸಿ ಪೀಠದಲ್ಲಿ ಬರೆಸಿದ. ಅದಕ್ಕೂ ಹಿಂದೆ ಮಡಕಶಿರಾ ಸೀಮೆಯ ಅಮರಾಪುರದ 1278ರ ಶಾಸನ ಮಲ್ಲಿಸೆಟ್ಟಿಯದು. ಅದನ್ನು ಗಮನಿಸಿ: ಕೊಟ್ಟವನು ಯಾರು, ಯಾರ ಮಗ, ಕೊಟ್ಟದ್ದು ಏನು, ಅಡಕೆ ಮರ, ಎಷ್ಟು, 2,000, ಎಲ್ಲಿಯದು, ತಮ್ಮಡಹಳ್ಳಿಯದು, ಯಾರಿಗೆ, ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ. ಸುಮಾರು ಏಳೂವರೆ ಶತಮಾನ ಕಳೆದರೂ ಸಂದೇಹಕ್ಕೆ ಎಡೆಯಿಲ್ಲ. "ಒಳ್ಳೆಯ ಅಡಕೆ ತೋಟ, ಉತ್ತಮ ಗುಣಮಟ್ಟ" ಎಂದಷ್ಟೇ ಬರೆಸಿದ್ದರೆ ಇಂದು ಯಾರಿಗೆ ಏನು ತಿಳಿಯುತ್ತಿತ್ತು? ಮೊಬೈಲಿನಲ್ಲಿ ಸರಕಿನ ವಿವರ ಬರೆಯುವ ಹುಡುಗರು ಒಮ್ಮೆ ಅಮರಾಪುರಕ್ಕೆ ಹೋಗಿ ಬಂದರೂ ತಪ್ಪಲ್ಲ.

ವಾಪಸಿಗೆ ಇನ್ನೊಂದು ಕಾರಣ, ಮನೆ ಬಾಗಿಲಲ್ಲಿ ಹಣ ಕೊಡುವ ಪದ್ಧತಿ. 2010ರಲ್ಲಿ ಫ್ಲಿಪ್‌ಕಾರ್ಟ್ ಇದನ್ನು ತಂದ ಮೇಲೆ ಆನ್‌ಲೈನ್ ಕೊಳ್ಳಲು ಅಂಜುತ್ತಿದ್ದ ಜನರಿಗೆ ಧೈರ್ಯ ಬಂತು, ನಿಜ. ಆದರೆ ಕೈಯಿಂದ ಒಂದು ಪೈಸೆ ಹೋಗದ ಗಿರಾಕಿಗೆ ಆರ್ಡರು ಕೊಡುವುದೂ ಸುಲಭ, ಬೇಡವೆನ್ನುವುದೂ ಸುಲಭ. ನೇರವಾಗಿ ವಾಟ್ಸಾಪಿನಲ್ಲಿ ಮಾರುವವರು ಕನಿಷ್ಠ ಹೋಗಿಬರುವ ಖರ್ಚಿನಷ್ಟಾದರೂ ಮುಂಗಡ ಪಡೆಯಲಿ. ಜಾಲಪೇಟೆಯಲ್ಲಿ ಮಾರುವವರು ಯಾವ ಊರುಗಳಿಂದ ಪದೇ ಪದೇ ಸರಕು ಮರಳುತ್ತದೆಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ವಾಪಸು ಬಂದ ಪಾರ್ಸೆಲನ್ನು ಬಿಚ್ಚುವಾಗ ಮೊಬೈಲಿನಲ್ಲಿ ವಿಡಿಯೋ ತೆಗೆಯಿರಿ. ಪ್ಯಾಂಟಿನ ಬದಲು ಹಳೆಯ ಬಟ್ಟೆ ಬಂದಿದ್ದರೆ ಸಾಕ್ಷಿ ಅದೊಂದೇ. ದೂರು ಕೊಡಲು ಪ್ರತಿ ಪೇಟೆಯಲ್ಲೂ ಗಡುವಿದೆ. ಹತ್ತು ದಿನ ಮೂಲೆಯಲ್ಲಿಟ್ಟು ಆಮೇಲೆ ಬಿಚ್ಚಿದರೆ ಕೇಳುವವರಿಲ್ಲ.

ಇನ್ನು ನಮ್ಮ ಗಡಿಯ ತೊಡಕು. ಬೆಂಗಳೂರಿನಲ್ಲಿ ಬರೆಯುವ ವ್ಯಾಪಾರದ ಪುಸ್ತಕಗಳಲ್ಲಿ ಇದು ಬರುವುದಿಲ್ಲ, ಆದರೆ ನಮಗೆ ಬಹಳ ಮುಖ್ಯ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು, ರಾಯದುರ್ಗ ಅನಂತಪುರಕ್ಕೆ ಸೇರಿತು. ಮಡಕಶಿರಾ 2022ರ ಏಪ್ರಿಲಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅಲ್ಲಿಂದ ಶಿರಾ, ಪಾವಗಡ, ಮಧುಗಿರಿ ಕೂಗಳತೆ ಎನ್ನಬೇಕು, ಆದರೆ ಅವು ಕರ್ನಾಟಕ. ನಮ್ಮ ಮಾತು ಬಲ್ಲ, ನಮ್ಮ ಸರಕಿನ ರುಚಿ ಬಲ್ಲ ಗಿರಾಕಿಗಳೆಲ್ಲ ಗೆರೆಯ ಆ ಕಡೆ ಇದ್ದಾರೆ.

ತೆರಿಗೆಯ ಮಾತು ಹೀಗಿದೆ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಯೂ ಪ್ಯಾನ್ ತಿಳಿಸಿ, ಜಿಎಸ್‌ಟಿ ತಾಣದಲ್ಲಿ ಒಂದು ಸಂಖ್ಯೆ ಪಡೆದು ಜಾಲಪೇಟೆಯಲ್ಲಿ ಮಾರಬಹುದು. ಆದರೆ ತನ್ನ ರಾಜ್ಯದೊಳಗೆ ಮಾತ್ರ. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೂ ಇದೇ ಗೆರೆ. ಅಂದರೆ ರಾಯದುರ್ಗದ ನೋಂದಣಿಯಿಲ್ಲದ ವ್ಯಾಪಾರಿ ದೂರದ ಶ್ರೀಕಾಕುಳಕ್ಕೆ ಪ್ಯಾಂಟು ಕಳಿಸಬಹುದು, ಮಗ್ಗುಲಿನ ಬಳ್ಳಾರಿಗೆ ಕಳಿಸುವಂತಿಲ್ಲ! ಕರ್ನಾಟಕಕ್ಕೆ ಇಲ್ಲಿಂದ ಪಾರ್ಸೆಲಿನಲ್ಲಿ ತೆರಿಗೆಯ ಸರಕು ಕಳಿಸಿ ಮಾರಬೇಕಾದರೆ ವಹಿವಾಟು ಎಷ್ಟೇ ಸಣ್ಣದಿರಲಿ ನೋಂದಣಿ ಬೇಕು. ಕರಕುಶಲ ವಸ್ತುಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ. ವಾಟ್ಸಾಪಿನಲ್ಲಿ ಮಾರಿದರೂ ಅದೇ ಕಾಯಿದೆ.

ಆದ್ದರಿಂದ ನೋಂದಣಿಗೆ ಹೆದರಿ ಕುಳಿತುಕೊಳ್ಳುವುದಕ್ಕಿಂತ, ಅದರ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದು ಮೇಲು. ರಿಟರ್ನ್ ಸಲ್ಲಿಸುವವರ ಫೀಸು ವರ್ಷಕ್ಕೆ ಎಷ್ಟಾಗುತ್ತದೆಂದು ಕೇಳಿ, ನಿಂತ ಸರಕಿನ ಮೇಲೆ ಹಂಚಿ ನೋಡಿ. ತಿಂಗಳಿಗೆ 20 ಪಾರ್ಸೆಲ್ ಇದ್ದರೆ ಅದು ಭಾರ, 300 ಇದ್ದರೆ ಗಣನೆಗಿಲ್ಲ. ನೋಂದಣಿಯಾದವರು ಇನ್ನೊಂದನ್ನು ಮರೆಯಬಾರದು. ಜಾಲಪೇಟೆಯವರು ನಿಮ್ಮ ಹಣದಲ್ಲಿ ಜಿಎಸ್‌ಟಿ ಲೆಕ್ಕಕ್ಕೆ ಶೇಕಡಾ ಅರ್ಧ ಹಿಡಿದು ಕಟ್ಟುತ್ತಾರೆ (2024ರ ಜುಲೈ 10ಕ್ಕೆ ಮೊದಲು ಇದು ಶೇಕಡಾ 1 ಇತ್ತು). ಆದಾಯ ತೆರಿಗೆಗೆಂದು ಹಿಡಿಯುವುದು 2024ರ ಅಕ್ಟೋಬರಿನಿಂದ ಶೇಕಡಾ 0.1. ಎರಡೂ ನಮ್ಮ ದುಡ್ಡೇ. ರಿಟರ್ನಿನಲ್ಲಿ ತೋರಿಸಿ ಪಡೆಯದಿದ್ದರೆ ಅಲ್ಲೇ ಉಳಿಯುತ್ತದೆ. ಪಟ್ಟಿ ಓದಿ ಎಂದು ಮೇಲೆ ಹೇಳಿದ್ದು ಇದಕ್ಕಾಗಿಯೂ.

ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿ ಕಡೆಯವರು "ನಮ್ಮಲ್ಲಿ ಜೀನ್ಸ್ ಇಲ್ಲ, ನಾವೇನು ಮಾರೋಣ?" ಎನ್ನಬಹುದು. ನಿಮ್ಮಲ್ಲಿ ಕಡಲೆಕಾಯಿ, ಹುಣಸೆ, ರಾಗಿ, ಹುರುಳಿ, ಅಡಕೆ ಇವೆ. ಇವನ್ನು ಹಾಗೇ ಮಾರುವವರು ಸಾವಿರ ಮಂದಿ. ಆದರೆ ನಮ್ಮ ಮನೆಯ ತಾಯಂದಿರ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ವಿದ್ಯೆಯಿದೆ: ಈರುಳ್ಳಿ ಬೆಳ್ಳುಳ್ಳಿ ಇಲ್ಲದೆ, ಗೆಡ್ಡೆಗೆಣಸು ಇಲ್ಲದೆ, ಹೊತ್ತು ಮುಳುಗುವ ಮೊದಲು ಮಾಡಿದ ಚಟ್ನಿಪುಡಿ, ಸಾರಿನಪುಡಿ, ಹಪ್ಪಳ, ಹುರಿಗಾಳು. ಬೆಂಗಳೂರಿನ ಹಾಸ್ಟೆಲಿನಲ್ಲಿರುವ ನಮ್ಮ ಹುಡುಗ, ಮುಂಬಯಿಯ ಶ್ರಾವಕ ಕುಟುಂಬ, ವ್ರತ ಹಿಡಿದ ಅಜ್ಜಿ, ಎಲ್ಲರೂ ಹುಡುಕುವುದು ಇದನ್ನೇ. ದೊಡ್ಡ ಕಂಪನಿಯ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿರುವುದನ್ನು ಕನ್ನಡಕ ಹಾಕಿ ಓದುವ ಗಿರಾಕಿ ಇವರು. ಒಮ್ಮೆ ನಂಬಿದರೆ ಬಿಡುವುದಿಲ್ಲ. ವಾಪಸೂ ಬಹಳ ಕಡಿಮೆ.

ಆದರೆ "ಜೈನ" ಎಂದು ಚೀಟಿಯಲ್ಲಿ ಬರೆದ ಮೇಲೆ ಬೆಳ್ಳುಳ್ಳಿ ಕುಟ್ಟಿದ ಒರಳಿನಲ್ಲಿ ಆ ಪುಡಿಯನ್ನು ಕುಟ್ಟುವಂತಿಲ್ಲ. ಹೊರಗಿನ ಗಿರಣಿಗೆ ಕೊಡುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ತಿನ್ನುವ ಪದಾರ್ಥ ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು, ಅದರ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲೆ ಬೇಕು. ಮಾಡಿದವರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನ, ಎಷ್ಟು ದಿನ ಬಳಸಬಹುದು, ಗರಿಷ್ಠ ಬೆಲೆ, ದೂರು ಕೊಡುವ ಫೋನ್ ಸಂಖ್ಯೆ ಇವೂ ಇರಬೇಕು. ತೂಕದಲ್ಲಿ 5 ಗ್ರಾಂ ಹೆಚ್ಚಿಗೆ ಹಾಕಿ. ಹಪ್ಪಳಕ್ಕೆ ರಟ್ಟಿನ ಡಬ್ಬ ಬಳಸಿ. ಮೊದಲ ಸಲ ಕಳಿಸುವ ಮೊದಲು ನಿಮ್ಮದೇ ನೆಂಟರ ಮನೆಗೆ ಅಂಚೆಯಲ್ಲಿ ಒಂದು ಪೊಟ್ಟಣ ಕಳಿಸಿ, ಹೇಗೆ ತಲುಪಿತೆಂದು ಫೋಟೋ ತರಿಸಿಕೊಂಡು ನೋಡಿ.

ಜಾಲಪೇಟೆಯಲ್ಲಿ ಎಷ್ಟೇ ಮಾರಿದರೂ ಗಿರಾಕಿ ಅವರವನೇ, ನಮ್ಮವನಲ್ಲ. ಅವನ ಹೆಸರು, ಫೋನು ನಮ್ಮ ಖಾತೆಯಲ್ಲಿ ನಿಲ್ಲುವುದಿಲ್ಲ; ಪೊಟ್ಟಣದೊಳಗೆ ನಮ್ಮ ಅಂಗಡಿಯ ಜಾಹೀರಾತು ಚೀಟಿ ಇಡುವುದಕ್ಕೂ ಸಾಮಾನ್ಯವಾಗಿ ಅವರ ಒಪ್ಪಂದದಲ್ಲಿ ಅವಕಾಶವಿಲ್ಲ. ನಾಳೆ ನಮ್ಮ ಸರಕನ್ನು ಹತ್ತನೆಯ ಪುಟಕ್ಕೆ ತಳ್ಳಿದರೆ ಕೇಳುವುದಕ್ಕೂ ಆಗದು. ಅದಕ್ಕೇ ಪೇಟೆಯ ವ್ಯಾಪಾರದ ಜೊತೆಗೆ ಸ್ವಂತ ಗಿರಾಕಿಗಳ ಪುಸ್ತಕವೂ ಬೆಳೆಯಬೇಕು. ನಿಮ್ಮ ಅಂಗಡಿಯಲ್ಲಿ ಹಳೆಯ ಉದ್ರಿ ಖಾತೆಯ ಪುಸ್ತಕ ಇದೆಯಲ್ಲವೆ? ಅದರಲ್ಲಿ ಸರಿಯಾಗಿ ಹಣ ಕೊಟ್ಟವರ ಮಕ್ಕಳು ಇಂದು ಎಲ್ಲಿದ್ದಾರೆಂದು ವಿಚಾರಿಸಿ. ಬೆಂಗಳೂರು, ಹೈದರಾಬಾದು, ಪುಣೆಯಲ್ಲಿರುತ್ತಾರೆ. ಅವರ ಒಪ್ಪಿಗೆ ಪಡೆದು ವಾಟ್ಸಾಪಿನಲ್ಲಿ ತಿಂಗಳಿಗೆ ಒಂದು ಸಲ, ಹೊಸ ಸರಕು ಬಂದಾಗ ಮಾತ್ರ, ತಿಳಿಸಿ. ದಿನಾ ಬೆಳಿಗ್ಗೆ ಶುಭೋದಯದ ಹೂವು ಕಳಿಸುವ ಅಂಗಡಿಯವನ ಸಂದೇಶವನ್ನು ಯಾರೂ ತೆರೆಯುವುದಿಲ್ಲ.

ಹಣ ಬಂತೆಂದು ಗಿರಾಕಿ ಕಳಿಸುವ ಫೋಟೋ ನೋಡಿ ಸರಕು ಬಿಡಬೇಡಿ, ಬ್ಯಾಂಕಿನ ಖಾತೆ ನೋಡಿ ಬಿಡಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಮನೆಯಲ್ಲಿ ಮೊಬೈಲ್ ಹಿಡಿಯುವ ಪ್ರತಿಯೊಬ್ಬರಿಗೂ ಇದು ಗೊತ್ತಿರಲಿ.

ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆ ಇಷ್ಟು. ಅಂಗಡಿಯ ಸರಕನ್ನೆಲ್ಲ ಮೊಬೈಲಿಗೆ ಏರಿಸಬೇಡಿ, ನಾಲ್ಕೇ ವಸ್ತು ಆರಿಸಿ. ಪ್ಯಾಂಟಾದರೆ ಎರಡು ಬಣ್ಣ, 30ರಿಂದ 36ರವರೆಗಿನ ಅಳತೆ ಸಾಕು. ಆನ್‌ಲೈನಿಗೆಂದು ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ಅಂಗಡಿಯ ಗಲ್ಲೆಯಿಂದ ಅದಕ್ಕೆ ಎಷ್ಟು ಹೋಯಿತು, ಅದರಿಂದ ಎಷ್ಟು ಬಂತು ಎಂಬುದು ಅದರಲ್ಲೇ ಕಾಣುತ್ತದೆ. ಕಿರ್ದಿ ಪುಸ್ತಕದಲ್ಲಿ ಐದು ಅಂಕಣ ಗೆರೆ ಹಾಕಿ: ಕಳಿಸಿದ್ದು, ನಿಂತದ್ದು, ಬಂದದ್ದು, ಹಾಳಾದದ್ದು, ಕೈಗೆ ಬಂದ ಹಣ. ವಾರಕ್ಕೊಮ್ಮೆ, ಭಾನುವಾರ ಮಧ್ಯಾಹ್ನ ಎನ್ನಿ, ತಂದೆಯೂ ಮಗನೂ ಒಟ್ಟಿಗೆ ಕುಳಿತು ಅದನ್ನು ತುಂಬಲಿ. ಮೂರು ತಿಂಗಳು ನೋಡಿ, 100ಕ್ಕೆ 15ಕ್ಕಿಂತ ಹೆಚ್ಚು ಮರಳುತ್ತಿರುವ ವಸ್ತುವನ್ನು ಮೊಬೈಲಿನಿಂದ ಇಳಿಸಿ ಅಂಗಡಿಯಲ್ಲೇ ಮಾರಿ.

ವಾಪಸು ಬಂದ ಸರಕಿಗೆ ಜಿಎಸ್‌ಟಿ ಲೆಕ್ಕದಲ್ಲಿ ಕ್ರೆಡಿಟ್ ನೋಟು ಬರೆಯುವ ಕ್ರಮವನ್ನು ಮುಂದಿನ ಸಂಚಿಕೆಯಲ್ಲಿ ನೋಡೋಣ.